ಹಾಲಮ್ಮನ ಮನೆಯ ಗಾಜು

ನಾನು ನಿವೃತ್ತನಾಗಲು ಇನ್ನು ಮೂರು ವರ್ಷ ಇದೆ ಅನ್ನುವಾಗ ನನ್ನನ್ನು ಅಜ್ಜಂಪುರಕ್ಕೆ ಹಾಕಿದರು. ಹುದ್ದೆ ಸಹಾಯಕ ಇಂಜಿನಿಯರ್. ತಾಲ್ಲೂಕು ಹೊಸದು, ಕಚೇರಿ ಬಾಡಿಗೆ ಕಟ್ಟಡದಲ್ಲಿ, ಕುರ್ಚಿ ಮೇಜು ಮಾತ್ರ ತರೀಕೆರೆಯಿಂದ ಬಂದ ಹಳೆಯವು. ನಾನು ಕಡೂರಿನವನು. ಬೆಳಿಗ್ಗೆ ಬಂದು ಸಂಜೆ ಊರು ಸೇರುತ್ತಿದ್ದೆ. ರಸ್ತೆ, ಚರಂಡಿ, ಅಂಗನವಾಡಿ ಕಟ್ಟಡ ಅಂತ ಇದ್ದಷ್ಟು ದಿನ ಇದ್ದು, ಹಾರ ಹಾಕಿಸಿಕೊಂಡು ಮನೆಗೆ ಹೋಗೋಣ ಅಂದುಕೊಂಡಿದ್ದೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಅದು ಊರಿಗೆಲ್ಲ ಗೊತ್ತು. ಈ ಕಥೆ ಹೇಳುವಾಗಲೂ ಆ ಕೋಪ ಎಲ್ಲೋ ಇಣುಕಿದರೆ ತಾಳಿಕೊಳ್ಳಿ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ನೆಲ ನಡುಗಿತು. ಮೊದಲು ಗೂಡ್ಸ್ ರೈಲು ಬಂತೇನೋ ಅಂದುಕೊಂಡೆ. ಆಮೇಲೆ ನೋಡಿದರೆ ಮೇಜಿನ ಮೇಲಿದ್ದ ಟೀ ಲೋಟ ತಾನೇ ಸರಿದು ಕೆಳಗೆ ಬಿತ್ತು. ಕಬ್ಬಿಣದ ಬೀರು ಯಾರೋ ಒಳಗಿಂದ ಗುದ್ದಿದ ಹಾಗೆ ಧಡಧಡ ಅಂದಿತು. ಎಲ್ಲ ಹೊರಗೆ ಓಡಿದೆವು. ನಮ್ಮ ಕಡೆ ಅಂಥ ಭೂಕಂಪವನ್ನು ಯಾರೂ ಕಂಡವರಲ್ಲ. ಪುಣ್ಯಕ್ಕೆ ಹಗಲು ಹೊತ್ತು, ಜನ ಹೊಲದಲ್ಲಿ, ತೋಟದಲ್ಲಿ, ಸಂತೆಯಲ್ಲಿ ಇದ್ದರು. ಆ ದಿನ ಯಾರೂ ಸಾಯಲಿಲ್ಲ. ಬಿದ್ದದ್ದು ಗೋಡೆ, ಉದುರಿದ್ದು ಹೆಂಚು, ಬಾಯಿ ಬಿಟ್ಟದ್ದು ನೆಲ. ಹಾನಿಯಾದ ಮನೆಗಳನ್ನು ನೋಡಿ, ಯಾವುದರಲ್ಲಿ ಜನ ಇರಬಹುದು, ಯಾವುದರಲ್ಲಿ ಇರಬಾರದು ಅಂತ ಹೇಳುವ ಕೆಲಸ ನನ್ನ ತಲೆಗೆ ಬಂತು.

ಆ ಕೆಲಸ ಕೇಳುವುದಕ್ಕೆ ಸುಲಭ. ಅಜ್ಜಂಪುರದಿಂದ ಚೌಳಹಿರಿಯೂರಿನ ಕಡೆಗೆ ಹೋದರೆ ಅಲ್ಲಲ್ಲಿ ಎರೆ ಭೂಮಿ. ಕಪ್ಪು ಮಣ್ಣು. ಬೇಸಿಗೆಯಲ್ಲಿ ಅದು ಒಣಗಿ ತಾನೇ ಬಿರಿಯುತ್ತದೆ, ಕೈ ಇಳಿಯುವಷ್ಟು. ಭೂಕಂಪಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ನೆಲ ನಡುಗಿದ ಮೇಲೆ ಕೇಳುವವರು ಯಾರು? "ಸಾರ್, ಇಲ್ಲಿ ನೋಡಿ", "ಸಾರ್, ನಮ್ಮ ಹೊಲದಾಗೆ ಬನ್ನಿ" ಅಂತ ಪ್ರತಿಯೊಬ್ಬರೂ ವರ್ಷಾ ವರ್ಷ ಬಿರಿಯುವ ಬಿರುಕನ್ನೇ ತೋರಿಸಿ ಗಾಬರಿಯಾಗುತ್ತಿದ್ದರು. ಬಿಸಿಲಲ್ಲಿ ಹೊಲ ಸುತ್ತಿ ಸುತ್ತಿ ನನ್ನ ತಲೆ ಕೆಟ್ಟು ಹೋಯಿತು. "ಇದು ಹೋದ ವರ್ಷವೂ ಇತ್ತಲ್ಲಯ್ಯಾ, ಆಗ ಯಾಕೆ ನನ್ನ ಕರೆಯಲಿಲ್ಲ?" ಅಂತ ಒಬ್ಬನಿಗೆ ರೇಗಿದೆ. ಅವನು ತಣ್ಣಗೆ, "ಆವಾಗ ನೀವು ಬತ್ತಿರಲಿಲ್ಲ ಬಿಡಿ ಸಾರ್" ಅಂದ.

ಆದರೆ ಒಂದು ಊರಿನಲ್ಲಿ ಬಿರುಕು ಬೇರೆಯಾಗಿತ್ತು. ಊರಿನ ಹೆಸರು ಬೇಡ. ಎರೆಯ ಬಿರುಕು ಜೇಡರ ಬಲೆಯ ಹಾಗೆ ಎಲ್ಲ ದಿಕ್ಕಿಗೂ ಹರಡುತ್ತದೆ. ಇದು ಹಾಗಲ್ಲ. ಕೆರೆ ಕೆಳಗಿನ ಹೊಲದಿಂದ ಹೊರಟು, ಡಾಂಬರು ರಸ್ತೆಯನ್ನು ಸೀಳಿ, ಊರ ಒಳಗೆ ನೆಟ್ಟಗೆ ನುಗ್ಗಿತ್ತು. ಬಿರುಕಿನ ಒಂದು ಬದಿ ಇನ್ನೊಂದು ಬದಿಗಿಂತ ಹೆಬ್ಬೆರಳು ದಪ್ಪ ತಗ್ಗಿತ್ತು. ಅಂದರೆ ನೆಲ ಬರೀ ಬಿರಿದಿಲ್ಲ, ಕುಸಿದಿದೆ. ಆ ಗೆರೆಯನ್ನು ಹಿಡಿದು ನಡೆದರೆ ಅದು ಒಂದು ಮನೆಯ ಹಿತ್ತಿಲಿಗೆ ಹೋಗಿ, ಹಿಂಗೋಡೆಯ ಕೆಳಗೆ ನುಸುಳಿತ್ತು. ಅದು ಮಹೇಶ್ವರಪ್ಪನ ಮನೆ. ಆದರೆ ಮಹೇಶ್ವರಪ್ಪ ಬಾಯಿ ಬಿಡುವವನಲ್ಲ, ಅರ್ಧ ದಿನ ತೆಂಗಿನ ತೋಟದಲ್ಲೇ ಇರುವವನು. ಮನೆ ನಡೆಯುತ್ತಿದ್ದದ್ದು ಅವನ ಹೆಂಡತಿ ಹಾಲಮ್ಮನಿಂದ.

ಮಣ್ಣಿನ ಗೋಡೆ, ಮಂಗಳೂರು ಹೆಂಚು, ಸಾರಿಸಿದ ನೆಲ. ಬಿರುಕು ಒಳಕೋಣೆಯ ಹಿಂಗೋಡೆಯಲ್ಲಿ ಬುಡದಿಂದ ಹೆಂಚಿನವರೆಗೂ ಏರಿತ್ತು. ಹೆಚ್ಚು ಅಗಲವಿಲ್ಲ, ಐದಾರು ಮಿಲಿಮೀಟರ್. ಇಂಥ ಗೋಡೆ ನಿಲ್ಲುತ್ತದೆಯೋ ಬೀಳುತ್ತದೆಯೋ ಅಂತ ಒಂದು ದಿನ ನೋಡಿ ಹೇಳುವುದಕ್ಕೆ ಆಗುವುದಿಲ್ಲ. ಬಿರುಕು ಸುಮ್ಮನಿದೆಯೋ ಇನ್ನೂ ಬೆಳೆಯುತ್ತಿದೆಯೋ ತಿಳಿಯಬೇಕು. ಅದಕ್ಕೆ ನಮ್ಮಲ್ಲಿ ಹಳೆಯ ಉಪಾಯ ಒಂದಿದೆ. ಬೆರಳಗಲದ ತೆಳ್ಳನೆಯ ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡು ತುದಿಗೂ ಸಿಮೆಂಟ್ ಮೆತ್ತುವುದು, ಪಕ್ಕದಲ್ಲಿ ಬಣ್ಣದಿಂದ ತಾರೀಖು ಬರೆಯುವುದು. ಗೋಡೆ ಒಂದು ಕೂದಲೆಳೆ ಸರಿದರೂ ಗಾಜು ಪಟ್ ಅಂತ ಒಡೆಯುತ್ತದೆ. ಅದಕ್ಕೆ ಟೆಲ್‌ಟೇಲ್ ಅನ್ನುತ್ತಾರೆ.

ನಾನು ಗಾಜು ಹಚ್ಚುತ್ತಿದ್ದಾಗ ಹಾಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಲವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ಮಾತು ಅದಕ್ಕಿಂತ ಗಟ್ಟಿ.

"ಏನ್ ಸಾರ್ ಅದು, ಮುಖ ನೋಡ್ಕಣಾಕೆ ಕನ್ನಡಿನಾ? ಇಷ್ಟು ಸಣ್ಣದ್ರಾಗೆ ನನ್ನ ಮೂಗೂ ಕಾಣಕಿಲ್ಲ."

ನಾನು ನಗಲಿಲ್ಲ. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಬಿಡಿಸಿ ಹೇಳಿದೆ. ಎರೆ ಮಣ್ಣು ಮಳೆ ಬಿದ್ದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕುಸಿದ ನೆಲದ ಮೇಲೆ ನಿಂತ ಗೋಡೆಗೆ ಮೊದಲ ಮಳೆಯೇ ಪರೀಕ್ಷೆ. ಮಳೆ ಆದ ಮೇಲೂ ಗಾಜು ಒಡೆಯದಿದ್ದರೆ ಮನೆಯಲ್ಲಿ ಇರಬಹುದು. ಒಡೆದರೆ ಬಾಗಿಲಿಗೆ ಕೆಂಪು ಗುರುತು, ಒಳಗೆ ಹೆಜ್ಜೆ ಇಡುವ ಹಾಗಿಲ್ಲ. ಅಲ್ಲಿಯವರೆಗೆ ಯಾರೂ ಒಳಗೆ ಮಲಗಕೂಡದು. ಇವೆಲ್ಲವನ್ನೂ ಹಾಲಮ್ಮ ಸರಿಯಾಗಿ ಅರ್ಥ ಮಾಡಿಕೊಂಡಳು. ಅವಳಿಗೆ ಅರ್ಥವಾಗಲಿಲ್ಲ ಅಂತ ಯಾರಾದರೂ ಅಂದರೆ ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ.

"ಅಂದ್ರೆ ಇದು ಗೋಡೆ ಮ್ಯಾಲೆ ಚಾಡಿ ಹೇಳೋ ಗಾಜು" ಅಂದಳು.

"ಹೌದಮ್ಮ, ಹಾಗೇ ಅಂದುಕೋ."

"ಚಾಡಿಕೋರರನ್ನ ನಾನು ಮನೆ ಒಳಗೆ ಬಿಟ್ಕಂಡಿರಲಿಲ್ಲ. ನೀವು ಬಿಟ್ರಿ."

ಅವರು ಮನೆ ಎದುರಿನ ಕಣದಲ್ಲಿ ತಾಡಪಾಲು ಕಟ್ಟಿಕೊಂಡರು. ಅಡುಗೆ, ನಿದ್ದೆ ಎಲ್ಲ ಅಲ್ಲೇ. ವಾರಕ್ಕೊಮ್ಮೆ ಹೋಗಿ ಗಾಜು ನೋಡಿ ಬರುತ್ತಿದ್ದೆ. ನನಗೆ ಅಂಥ ಮನೆಗಳು ತುಂಬಾ ಇದ್ದವು. ಎಲ್ಲ ಕಡೆ ನೀರು ಕೊಟ್ಟರೆ ಹಾಲಮ್ಮ ಮಾತ್ರ ಮಂಡಕ್ಕಿ ಮಜ್ಜಿಗೆ ಕೊಟ್ಟು, ಜೊತೆಗೆ ಒಂದಿಷ್ಟು ಬೈಗುಳವನ್ನೂ ಕೊಡುತ್ತಿದ್ದಳು. ಯುಗಾದಿಯನ್ನು ತಾಡಪಾಲಿನಲ್ಲಿ ಮಾಡಿಸಿದವನು ನೀನೇ ಅಂತ ಹೋಳಿಗೆ ಬಡಿಸುತ್ತಾ ಜಗಳವಾಡಿದಳು. ಆ ಹೊತ್ತಿಗೆ "ಸಾರ್" ಹೋಗಿ "ಅಣ್ಣ" ಆಗಿದ್ದೆ. ನನ್ನ ಸಿಡುಕಿಗೆ ಅವಳ ಬಾಯಿ ಸರಿಜೋಡಿ. ನಿಜ ಹೇಳಬೇಕೆಂದರೆ ಆ ಊರಿಗೆ ಹೋಗುವ ದಿನ ನನಗೆ ಖುಷಿಯಾಗುತ್ತಿತ್ತು.

ಯುಗಾದಿಯ ಆ ದಿನವೇ ಅವಳ ಚಿಂತೆ ಏನು ಅಂತ ತಿಳಿದದ್ದು. ಮಗಳು ಸುಮಾಳನ್ನು ಅಮೃತಾಪುರದ ಕಡೆ ಕೊಟ್ಟಿದ್ದರು. ಅವಳಿಗೆ ಎಂಟು ತಿಂಗಳು. ಚೊಚ್ಚಲ ಹೆರಿಗೆ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸುಮಾಳ ಅತ್ತೆ, ಮನೆ ಬಿರುಕು ಬಿಟ್ಟಿದೆ ಅಂತ ಕೇಳಿ, "ಅಂಥಾ ಮನೆಗೆ ಬಸುರಿ ಹೆಣ್ಣನ್ನ ಹೆಂಗೆ ಕಳ್ಸೋದು? ಇಂಜಿನಿಯರ್ ಒಪ್ಪಿದ್ರೆ ನೋಡಾಣ" ಅಂದಿದ್ದರಂತೆ.

ನಾನು ಸಮಾಧಾನಕ್ಕೆ, "ಒಂದು ಬಾಣಂತನ ಅತ್ತೆ ಮನೆಯಲ್ಲಾದರೆ ಏನಮ್ಮ ಗಂಟು ಹೋಗುತ್ತೆ?" ಅಂದೆ.

ಹಾಲಮ್ಮನ ಮುಖದಿಂದ ನಗು ಹೋಯಿತು. "ನಂಗೆ ತಾಯಿ ಇರಲಿಲ್ಲ ಕಣಣ್ಣ. ಸುಮನ್ನ ಹೆತ್ತಾಗ ಒಂಬತ್ತನೇ ದಿನಕ್ಕೆ ನಾನೇ ನೀರು ಹೊತ್ತೆ. ನನ್ನ ಸೊಂಟ ಈಗ್ಲೂ ನೋಯ್ತದೆ. ನನ್ನ ಮಗಳಿಗೆ ಮೂರು ತಿಂಗಳು ನಾನು ನೀರು ಹುಯ್ಯಬೇಕು, ಸಾಂಬ್ರಾಣಿ ಹಾಕ್ಬೇಕು, ನನ್ನ ಕೈಯಾರೆ ಮೆಣಸಿನ ಸಾರು ಮಾಡಿ ಉಣ್ಣಿಸ್ಬೇಕು. ಅದೊಂದು ಆಗ್ಬಿಟ್ರೆ ಸಾಕು. ಆಮೇಲೆ ನಿನ್ನ ಗೋಡೆ ಬಿದ್ರೆ ಬೀಳ್ಲಿ."

ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟೆ. ಮಳೆ ಆಗಲಿ, ನೋಡೋಣ ಅಂತ ಎದ್ದು ಬಂದೆ.

ಅಶ್ವಿನಿ ಮಳೆ ಆ ವರ್ಷ ಚೆನ್ನಾಗಿ ಹೊಯ್ಯಿತು. ಎರಡು ಸಂಜೆ ಸತತವಾಗಿ. ಮಾರನೆಯ ದಿನದಿಂದ ಮನೆಮನೆ ಸುತ್ತಿದೆ. ನಾಲ್ಕಾರು ಕಡೆ ಗಾಜು ಒಡೆದಿತ್ತು, ಕೆಂಪು ಗುರುತು ಹಾಕಿದೆ, ಬೈಸಿಕೊಂಡೆ. ಹಾಲಮ್ಮನ ಮನೆಗೆ ಹೋಗುವ ಹೊತ್ತಿಗೆ ಮಳೆ ಬಂದು ಮೂರ್ನಾಲ್ಕು ದಿನ ಕಳೆದಿತ್ತು. ಒಳಕೋಣೆಗೆ ಕಾಲಿಟ್ಟರೆ ಸುಣ್ಣದ ವಾಸನೆ. ಗೋಡೆಗೆಲ್ಲ ಬೆಳ್ಳಗೆ ಸುಣ್ಣ ಹೊಡೆದಿದ್ದಳು, ಬಿರುಕಿಗೆ ಮಣ್ಣು ಮೆತ್ತಿದ್ದಳು. ನನ್ನ ಗಾಜು ಮತ್ತು ಬಣ್ಣದ ತಾರೀಖನ್ನು ಮಾತ್ರ ಬಿಟ್ಟು, ಅದರ ಸುತ್ತ ಕುಂಚವನ್ನು ಹುಷಾರಾಗಿ ಆಡಿಸಿದ್ದಳು. ಗಾಜು ಇಡಿಯಾಗಿತ್ತು.

"ಬಿರುಕು ಯಾಕೆ ಮುಚ್ಚಿದೆ? ಮುಟ್ಟಬೇಡ ಅಂದಿರಲಿಲ್ಲವಾ?" ಅಂತ ರೇಗಿದೆ.

"ಬಾಣಂತಿ ಇರೋ ಕೋಣೆ ಅಣ್ಣ, ಚೇಳು ಗೀಳು ಬಂದ್ರೆ ನೀನು ಬಂದು ಹಿಡೀತೀಯಾ? ನಿನ್ನ ಚಾಡಿಕೋರನ್ನ ಮುಟ್ಟಿಲ್ಲ ನೋಡು. ಹಂಗೇ ಅವ್ನೆ."

ಬೆರಳಿನಿಂದ ತಟ್ಟಿ ನೋಡಿದೆ. ಗಟ್ಟಿಯಾಗಿ ಕೂತಿತ್ತು. ಹಿತ್ತಿಲಿಗೆ ಹೋಗಿ ನೋಡಿದೆ, ನೆಲದ ಬಿರುಕು ಮಳೆಗೆ ಮುಚ್ಚಿಕೊಂಡಿತ್ತು. ಅಷ್ಟು ಮಳೆಗೂ ಗಾಜು ಒಡೆದಿಲ್ಲ ಅಂದರೆ ಗೋಡೆ ಕೂತಿದೆ ಅಂತಲೇ ಅರ್ಥ. ಯಾವ ಇಂಜಿನಿಯರನನ್ನು ಕರೆದರೂ ಅದನ್ನೇ ಹೇಳುತ್ತಿದ್ದ. ಮನೆಯಲ್ಲಿ ಇರಬಹುದು ಅಂದೆ. ಮಹೇಶ್ವರಪ್ಪ ಮೊದಲ ಸಲ ನಕ್ಕಿದ್ದು ನೋಡಿದೆ. ಹಾಲಮ್ಮ ಮಾತ್ರ ನಗಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಿನ್ನ ಹೊಟ್ಟೆ ತಣ್ಣಗಿರ್ಲಿ ಅಣ್ಣ" ಅಂದಳು. ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡೆ.

ಸುಮ ಆ ವಾರವೇ ತವರಿಗೆ ಬಂದಳು. ಹೆರಿಗೆ ಆಸ್ಪತ್ರೆಯಲ್ಲಿ ಸುಸೂತ್ರವಾಗಿ ಆಯಿತು. ಹಾಲಮ್ಮನೇ ಫೋನ್ ಮಾಡಿದಳು. "ಅಣ್ಣಾ, ಹೆಣ್ಣು ಮಗು ಕಣಣ್ಣಾ. ನಿನ್ನ ಥರಾನೇ ಸುಮ್ ಸುಮ್ನೆ ಸಿಡುಕ್ತಾಳೆ." ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ನನ್ನ ಹೆಂಡತಿಯನ್ನೂ ಕರೆದುಕೊಂಡು ಬರಬೇಕು ಅಂತ ಆಣೆ ಹಾಕಿಸಿಕೊಂಡಳು. ಹೆಂಡತಿ ಮಗುವಿಗೆ ಒಂದು ಕುಲಾವಿ ಹೆಣೆಯಲು ಕೂತಳು.

ಕೃತ್ತಿಕಾ ಮಳೆಯಲ್ಲಿ, ತೊಟ್ಟಿಲಿಗೆ ಇನ್ನು ಎರಡು ದಿನ ಇದೆ ಅನ್ನುವಾಗ, ಮಧ್ಯಾಹ್ನ ಮಹೇಶ್ವರಪ್ಪನ ಫೋನ್ ಬಂತು. ಅವನು ಫೋನ್ ಮಾಡುವವನೇ ಅಲ್ಲ. "ಸಾರ್, ಗೋಡೆ ಹೋಯ್ತು" ಅಂದ. ಅಷ್ಟಕ್ಕೇ ಫೋನ್ ಇಟ್ಟುಬಿಟ್ಟ. ಬಾಣಂತಿ ಯಾವಾಗಲೂ ಒಳಕೋಣೆಯಲ್ಲೇ ಇರುವುದು. ಗಾಳಿ ಬೆಳಕು ಹೆಚ್ಚು ಬೀಳದ ಕೋಣೆ ಅದೇ. ಜೀಪಿನಲ್ಲಿ ಹೋಗುವಾಗ ಆ ಮಗುವನ್ನು ನಾನು ಇನ್ನೂ ನೋಡೇ ಇಲ್ಲ ಅನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಹೋಗಿ ನೋಡಿದರೆ ಸುಮ ಎದುರು ಮನೆಯ ಜಗುಲಿಯ ಮೇಲೆ ಮಗುವನ್ನು ಎದೆಗವಚಿಕೊಂಡು ಕೂತಿದ್ದಳು. ಇಬ್ಬರಿಗೂ ಒಂದು ಗೀರು ಬಿದ್ದಿರಲಿಲ್ಲ. ಊರಿನವರು ಮಣ್ಣು ತೆಗೆದು ಹಾಲಮ್ಮನನ್ನು ಆಗಲೇ ಆಚೆ ಮಲಗಿಸಿದ್ದರು. ಜೀವ ಹೋಗಿತ್ತು. ಮಗಳಿಗೂ ಮೊಮ್ಮಗಳಿಗೂ ನೀರು ಹಾಕಿ, ಸಾಂಬ್ರಾಣಿ ಕೊಟ್ಟು, ಊಟ ಬಡಿಸಿ, ಒಂದು ಗಳಿಗೆ ಸೊಂಟ ಚಾಚುತ್ತೇನೆ ಅಂತ ಒಳಕೋಣೆಗೆ ಹೋಗಿದ್ದಳಂತೆ. ಅವಳ ಕೈಯಿಂದ ಸಾಂಬ್ರಾಣಿ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಮಳೆಯಲ್ಲೇ ನೆಲಕ್ಕೆ ಕೂತುಬಿಟ್ಟೆ.

ಬಾಣಂತಿ ಒಳಕೋಣೆಯಲ್ಲಿ ಇರಲಿಲ್ಲವಲ್ಲ, ದೇವರ ಕೃಪೆ ಅಂತ ಜನ ಮಾತಾಡುತ್ತಿದ್ದರು. ಸುಮಾಳ ಅತ್ತೆ ತೊಟ್ಟಿಲ ಕೆಲಸಕ್ಕೆ ಅಂತ ಹಿಂದಿನ ದಿನವೇ ಬಂದಿದ್ದರು. ಅವರು ಹೇಳಿದರು: ಹಾಲಮ್ಮ ಮೊದಲ ದಿನದಿಂದಲೂ ಮಗಳನ್ನು ನಡುಮನೆಯಲ್ಲೇ ಸೀರೆ ಅಡ್ಡ ಕಟ್ಟಿ ಮಲಗಿಸಿದ್ದಳು. ಒಳಗೆ ಇರುವೆ ಕಾಟ ಅಂದಿದ್ದಳು. ಅತ್ತೆಗೆ ಅನುಮಾನ ಬಂದು, ಗೋಡೆ ಸರಿ ಇದೆ ತಾನೇ ಅಂತ ಕೇಳಿದ್ದರು. "ಇಂಜಿನಿಯರ್ರೇ ಒಪ್ಪವ್ರೆ ಕಣಕ್ಕ. ನಾನೇ ದಿನಾ ಆ ಗೋಡೆ ಬುಡದಾಗೆ ಮಲಗ್ತೀನಿ, ನಂಗೇನಾಗೈತೆ?" ಅಂತ ಹಾಲಮ್ಮ ನಕ್ಕಿದ್ದಳಂತೆ.

ಮಳೆ ನಿಂತ ಮೇಲೆ ನನ್ನ ಕೆಲಸ ನಾನು ಮಾಡಲೇಬೇಕಿತ್ತು. ಗೋಡೆ ಯಾಕೆ ಬಿತ್ತು ಅಂತ ನೋಡಬೇಕು. ಮಣ್ಣಿನ ರಾಶಿಯಲ್ಲಿ ನನ್ನ ಬಣ್ಣದ ತಾರೀಖು ಇದ್ದ ಹೆಂಟೆ ಸಿಕ್ಕಿತು. ಅದಕ್ಕೆ ಅಂಟಿಕೊಂಡ ಸಿಮೆಂಟು, ಸಿಮೆಂಟಿನಲ್ಲಿ ಗಾಜಿನ ಅರ್ಧ ತುಂಡು. ತೊಳೆದು ನೋಡಿದೆ. ಅದು ನನ್ನ ಗಾಜಲ್ಲ. ನಾನು ಹಚ್ಚಿದ್ದು ಅಜ್ಜಂಪುರದ ಅಂಗಡಿಯಲ್ಲಿ ಕತ್ತರಿಸಿ ತಂದದ್ದು, ಅಂಚು ಹಸಿರು, ನಯ. ಇದು ಇನ್ನೂ ತೆಳ್ಳಗೆ, ಅಂಚು ಹಲ್ಲು ಹಲ್ಲು. ಸಿಮೆಂಟಿನ ಒಳಗಿದ್ದ ತುದಿಯಲ್ಲಿ ಕೆಂಪಗೆ ಏನೋ ಗಟ್ಟಿಯಾಗಿ ಹತ್ತಿತ್ತು. ಉಗುರಿನಿಂದ ಕೆರೆದೆ. ಕುಂಕುಮ.

ನಡುಮನೆಯ ದೇವರ ಗೂಡು ಹಾಗೇ ಉಳಿದಿತ್ತು. ಮೂರು ಪಟಗಳಲ್ಲಿ ಎರಡಕ್ಕೆ ಗಾಜಿತ್ತು. ಮೂರನೆಯದಕ್ಕೆ ಇರಲಿಲ್ಲ. ಕಾಗದದ ಮೇಲೆಯೇ ಹೂ ಇಟ್ಟಿದ್ದಳು.

ಅಂದರೆ ಅಶ್ವಿನಿ ಮಳೆಗೇ ನನ್ನ ಗಾಜು ಒಡೆದಿತ್ತು. ಒಡೆದರೆ ಏನು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಗ ಊರಲ್ಲಿ ಎಲ್ಲರೂ ಬಿರುಕು ಮುಚ್ಚುತ್ತಿದ್ದರು, ಯಾರ ಮನೆಯಲ್ಲಿ ಕೇಳಿದರೂ ಒಂದು ಹಿಡಿ ಸಿಮೆಂಟು ಸಿಗುತ್ತಿತ್ತು. ದೇವರ ಪಟದ ಗಾಜು ಬಿಚ್ಚಿ, ಅಳತೆಗೆ ಮುರಿದು, ಅದೇ ಜಾಗಕ್ಕೆ ಹಚ್ಚಿ, ಹೊಸ ಸಿಮೆಂಟು ಕಾಣದ ಹಾಗೆ ಸುಣ್ಣ ಹೊಡೆದಿದ್ದಳು. ಮಗಳನ್ನು ತವರಿಗೆ ಕರೆಸಿಕೊಂಡಳು. ಕರೆಸಿಕೊಂಡು ಆ ಗೋಡೆಯಿಂದ ದೂರ ಮಲಗಿಸಿದಳು. ಯಾರಿಗೂ ಅನುಮಾನ ಬರಬಾರದು ಅಂತ ತಾನು ಅದರ ಬುಡದಲ್ಲಿ ಮಲಗಿದಳು. ಏನು ಹೆಂಗಸಪ್ಪಾ! ನನಗೆ ಅವಳ ಮೇಲೆ ಕೆಟ್ಟ ಕೋಪ ಬಂತು. ಎದ್ದು ಕೂರು, ನಿನ್ನ ಹತ್ತಿರ ಜಗಳ ಆಡಬೇಕು ಅಂತ ಕೂಗಬೇಕು ಅನ್ನಿಸಿತು.

ಆ ತುಂಡನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಸುಮ ಪಕ್ಕಕ್ಕೆ ಬಂದಳು. ಬಾಣಂತಿ ಅಂತ ತಲೆಗೆ ಕಟ್ಟಿದ್ದ ಬಟ್ಟೆ ಹಾಗೇ ಇತ್ತು.

"ಸಾರ್, ಅದು ನಮ್ಮ ದೇವ್ರ ಪಟದ ಗಾಜು ಅಲ್ವಾ? ಒರೆಸೋವಾಗ ಒಡೆದೋಯ್ತು ಅಂದಿದ್ಲು ಅಮ್ಮ."

ಸುಳ್ಳು ಹೇಳೋಣ ಅಂದುಕೊಂಡೆ. ನಾಲಿಗೆ ಹೊರಳಲಿಲ್ಲ. "ಹೌದಮ್ಮ" ಅಂದೆ.

ಅವಳು ಆ ಕುಂಕುಮವನ್ನು ಬೆರಳಿನಿಂದ ಮುಟ್ಟಿದಳು. "ನಾನು ಇಲ್ಲಿಗೆ ಬರ್ದೇ ಇದ್ದಿದ್ರೆ ಆಗ್ತಿತ್ತು" ಅಂದಳು. ಆಮೇಲೆ ಅತ್ತಳು ನೋಡಿ, ಆ ಅಳುವನ್ನು ನಾನು ನನ್ನ ಶತ್ರುವಿಗೂ ಬಯಸುವುದಿಲ್ಲ. ಅವಳ ಅತ್ತೆ ಬಂದು ಸೊಸೆಯನ್ನು ತಬ್ಬಿಕೊಂಡರು. ವಿಷಯ ತಿಳಿದು ಆ ತಾಯಿ ತಲೆ ಚಚ್ಚಿಕೊಂಡರು. "ಅಯ್ಯೋ, ಒಂದ್ ಮಾತು ಅಂದಿದ್ದೆ ಕಣೇ ಸುಮಾ, ಅಷ್ಟೇ! ತಾಡಪಾಲಿನಾಗೆ ಇಟ್ಕಂತೀನಿ ಕಳ್ಸು ಅಂದಿದ್ರೂ ಕಳಿಸ್ತಿದ್ದೆ. ಇಲ್ಲಾಂದ್ರೆ ಅವಳೇ ನಮ್ಮನೇಗೆ ಬಂದು ನೀರು ಹುಯ್ಯಬಹುದಿತ್ತಲ್ಲೇ. ನಾನು ಬ್ಯಾಡ ಅಂತಿದ್ನಾ? ಬೀಗಿತ್ತಿ ಅಂತ ಅವಳು ನನ್ನ ಕೇಳಲಿಲ್ಲ, ನಾನೂ ಕರೀಲಿಲ್ಲ."

ಕೇಳಲಿಲ್ಲ, ಕರೆಯಲಿಲ್ಲ. ಇಷ್ಟೇ. ಎರಡು ಮನೆಯವರೂ ಮರ್ಯಾದಸ್ಥರು.

ಮೇಲಿನವರು ಬಂದು ಕೇಳಿದಾಗ ಗಾಜು ತೋರಿಸಿದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಯಾರೂ ಯಾರನ್ನೂ ದೂರಲಿಲ್ಲ. ದೂರಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ. ತೊಟ್ಟಿಲ ಶಾಸ್ತ್ರ ಮುಂದಕ್ಕೆ ಹೋಯಿತು. ನನ್ನ ಹೆಂಡತಿ ಹೆಣೆದ ಕುಲಾವಿಯನ್ನು ಮಹೇಶ್ವರಪ್ಪನ ಕೈಗೆ ಕೊಟ್ಟು ಬಂದೆ. ಅವನು ಅದನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು ತೋಟದ ಕಡೆ ಹೊರಟುಹೋದ.

ಆ ಮಳೆಗಾಲದಲ್ಲಿ ಇನ್ನೂ ಗಾಜು ಹಚ್ಚಬೇಕಾದ ಮನೆಗಳಿದ್ದವು. ಆಮೇಲೆ ನಾನು ಯಾವ ಮನೆಗೆ ಹೋದರೂ ಗೋಡೆ ನೋಡುವುದಕ್ಕೆ ಮೊದಲು ಮನೆಯ ಹೆಂಗಸನ್ನು ಕರೆದು ಕೇಳುತ್ತಿದ್ದೆ: "ಈ ವರ್ಷ ನಿಮ್ಮ ಮನೆಯಲ್ಲಿ ಏನು ಕಾರ್ಯ ಇದೆಯಮ್ಮ? ಮದುವೆಯಾ, ಬಾಣಂತನವಾ, ಏನು?" ಇಂಜಿನಿಯರ್ ಜೋಯಿಸರ ಥರ ಕೇಳುತ್ತಾನೆ ಅಂತ ಜನ ನಗುತ್ತಿದ್ದರು. ನಗಲಿ. ಬಿರುಕು ಎಷ್ಟು ಮಿಲಿಮೀಟರ್ ಅಂತ ನನ್ನ ಅಳತೆಪಟ್ಟಿ ಹೇಳುತ್ತದೆ, ಆ ಮನೆ ಯಾರಿಗೆ ಯಾವ ದಿನಕ್ಕೆ ಬೇಕಾಗಿದೆ ಅನ್ನುವುದನ್ನು ಮನೆಯವರೇ ಹೇಳಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇದನ್ನೇ, ತುಂಬಾ ದುಬಾರಿಯಾಗಿ ಕಲಿಸಿತು.

ಪಕ್ಕದ ಊರಿನಲ್ಲಿ ಒಬ್ಬ ಹೆಂಗಸು, ಹೆಸರು ರತ್ನಮ್ಮ, ನನ್ನ ಪ್ರಶ್ನೆಗೆ ತಡವರಿಸಿ, ಮಗಳ ನಿಶ್ಚಿತಾರ್ಥ ಇದೆ ಸಾರ್, ಗಂಡಿನವರು ಇಲ್ಲಿಗೇ ಬರುತ್ತಾರೆ ಅಂದಳು. ಊರಿನ ಸಮುದಾಯ ಭವನದ ಕೀಲಿ ಇಟ್ಟುಕೊಂಡವರ ಹತ್ತಿರ ಮಾತಾಡಿ, ಅದನ್ನು ಅವಳಿಗೆ ಆ ದಿನಕ್ಕೆ ಬಿಡಿಸಿಕೊಟ್ಟೆ. ಗಂಡಿನ ತಂದೆಗೆ ನಾನೇ ಫೋನ್ ಮಾಡಿ, ಮನೆ ನೋಡಬೇಡಿ, ಹೆಣ್ಣು ನೋಡಿ ಅಂತ ಗದರಿದೆ. ಅಷ್ಟಾದ ಮೇಲೆ ಗೋಡೆಗೆ ಗಾಜು ಹಚ್ಚಿದೆ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ, ಜೋರು ಮಳೆ ಹೊಯ್ದು ನಿಂತಿತ್ತು, ನಾನು ಅಜ್ಜಂಪುರ ಸ್ಟೇಷನ್ನಿನಲ್ಲಿ ಇಳಿಯುತ್ತಿದ್ದೆ. ರತ್ನಮ್ಮನ ಫೋನ್ ಬಂತು.

"ಸಾರ್, ನಿಮ್ಮ ಗಾಜು ಒಡೆದೋಯ್ತು. ನಾವೆಲ್ಲ ಆಚೆ ಬಂದ್ಬಿಟ್ವಿ ಸಾರ್."

"ಒಳ್ಳೇದಾಯಿತಮ್ಮ, ಒಳ್ಳೇದಾಯಿತು" ಅಂದೆ. ಫೋನ್ ಇಟ್ಟು ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತೆ. ಜನ ನೋಡುತ್ತಿದ್ದರು. ಅರವತ್ತರ ಹತ್ತಿರದ ಗಂಡಸು ನಾನು, ಹಾಲಮ್ಮನನ್ನು ನೆನೆದು ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತೆ.